ಹೈಫಾದಲ್ಲಿ ಮೈಸೂರು 'ಕೂಡ' ಅಲ್ಲ

ಸೆಪ್ಟೆಂಬರ್ 23 ಬಂತು, ಹೈಫಾ ಪೋಸ್ಟ್‌ಗಳೂ ಶುರುವಾದವು. 1918ರ ಇದೇ ದಿನ, ಮೊದಲ ಮಹಾಯುದ್ಧದಲ್ಲಿ, ಬ್ರಿಟಿಷರ ಕಡೆಯ ಭಾರತೀಯ ಸವಾರರು ಇಂದಿನ ಇಸ್ರೇಲಿನ ಹೈಫಾ ಊರನ್ನು ತುರ್ಕರಿಂದ ಗೆದ್ದುಕೊಂಡರು. ಬೆಳಗಿನಿಂದ ಕಣ್ಣಿಗೆ ಬಿದ್ದ ಬರಹಗಳಲ್ಲೆಲ್ಲ, ಕನ್ನಡದವುಗಳಲ್ಲೂ, ನಮ್ಮವರಿಗೆ, ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಸವಾರರ ದಳಕ್ಕೆ, ಸಿಕ್ಕಿದ್ದು ಒಂದೇ ಸಾಲು: "ಮೈಸೂರು ಲ್ಯಾನ್ಸರ್ಸ್ ಕೂಡ ಭಾಗವಹಿಸಿತ್ತು." ಅದರ ಮೇಲೆ ದಸರಾ ಮೆರವಣಿಗೆಯ ಕುದುರೆಗಳ ಫೋಟೊ. ದಸರಾದಲ್ಲಿ ಈಗ ನೀವು ನೋಡುವುದು ಪೊಲೀಸರ ಅಶ್ವಾರೋಹಿ ದಳ. ಫೋಟೊ ತಪ್ಪಾಗಿದ್ದರೆ ಬದಲಾಯಿಸಬಹುದು. ಆ 'ಕೂಡ' ಇದೆಯಲ್ಲ, ಅದನ್ನು ನನಗೆ ಸಹಿಸಲು ಆಗುತ್ತಿಲ್ಲ.

ಮೈಸೂರಿನ ರಿಸಾಲೆ (ಕುದುರೆ ಸೈನ್ಯ) ಅರಮನೆಯ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಬ್ರಿಟಿಷರೊಡನೆ ಆದ 1807ರ ಒಪ್ಪಂದದಂತೆ ಮೈಸೂರು 4,000 ಸವಾರರನ್ನು ಯುದ್ಧವಿರಲಿ ಇಲ್ಲದಿರಲಿ ಸಿದ್ಧವಾಗಿ ಇಟ್ಟುಕೊಂಡಿರಬೇಕಿತ್ತು. ಅವರು ಸಿಲ್ಲೇದಾರರು. ಕುದುರೆ ಅವರದು, ಸಂಬಳ ದೊರೆಯದು. ಸರ್ಕಾರಕ್ಕೆ ಖರ್ಚು ಕಡಿಮೆ, ನಿಜ. ಆದರೆ ಕುದುರೆ ಸತ್ತರೆ ಸವಾರನ ಬಂಡವಾಳವೇ ಹೋಯಿತು. ಗುಂಡಿನ ಎದುರು ಅದನ್ನು ನುಗ್ಗಿಸಲು ಮನಸ್ಸು ಹೇಗೆ ಬರುತ್ತದೆ? ಒಂದೊಂದು ಕುದುರೆ ಒಂದೊಂದು ಎತ್ತರ, ಒಂದೊಂದು ವೇಗ. ಸಾಲು ಮುರಿಯದೆ ಓಡಿಸುವುದೂ ಕಷ್ಟ. ಸಂಸ್ಥಾನಗಳು ಬ್ರಿಟಿಷರ ನೆರವಿಗೆ ದಳ ಕಟ್ಟುವ ಇಂಪೀರಿಯಲ್ ಸರ್ವಿಸ್ ಯೋಜನೆಯಡಿ 1892ರಲ್ಲಿ ಲ್ಯಾನ್ಸರ್ಸ್ ಕಟ್ಟಿದಾಗ ಅದು ಕವಾಯತು ಕಲಿತ ದಳವಾಯಿತು. 1914ರಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತದ್ದು ಇದೇ ದಳ.

ಈಗ ಹೈಫಾ. 1918ರ ಆ ಬೆಳಿಗ್ಗೆ ಮೈಸೂರು, ಜೋಧ್‌ಪುರದ ಸವಾರರಿದ್ದ 15ನೇ ಬ್ರಿಗೇಡ್ ಅಫುಲಾದಿಂದ ಹೊರಟು, ಹತ್ತು ಗಂಟೆ ಸುಮಾರಿಗೆ ಬಲದ್ ಅಶ್ ಶೇಖ್ ಹತ್ತಿರ ಬಂದಾಗ ಕಾರ್ಮೆಲ್ ಬೆಟ್ಟದಿಂದ ಫಿರಂಗಿ ಗುಂಡು ಸುರಿಯತೊಡಗಿತು. ಆ ಜಾಗದ ಇಕ್ಕಟ್ಟನ್ನು ಕಣ್ಣಿಗೆ ತಂದುಕೊಳ್ಳಿ. ಎಡಕ್ಕೆ ಬೆಟ್ಟ, ಬಲಕ್ಕೆ ಕಿಶೋನ್ ನದಿ, ನಡುವೆ ಪಟ್ಟಿಯಂತೆ ಒಂದು ದಾರಿ. ನದಿಯ ದಡದಲ್ಲಿ ಕಾಲಿಟ್ಟರೆ ಹೂತುಹೋಗುವ ಮರಳು. ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸದೆ ಆ ದಾರಿಯಲ್ಲಿ ಕುದುರೆ ಓಡಿಸಿದರೆ ಮೇಲಿನಿಂದ ಗುರಿಯಿಟ್ಟು ಹೊಡೆಯುತ್ತಾರೆ.

ಬಾಯಿ ಮುಚ್ಚಿಸಲು ಕಳಿಸಿದ್ದು ಮೈಸೂರಿನ ಒಂದು ಸ್ಕ್ವಾಡ್ರನ್ನನ್ನು (ದಳದ ಒಂದು ತುಕಡಿ), ಎರಡು ಮೆಷಿನ್ ಗನ್ ಕೊಟ್ಟು, ಕಡಿದಾದ ಕಾಲುದಾರಿಯಲ್ಲಿ. ಮೈಸೂರಿನದೇ ಇನ್ನೊಂದು ಸ್ಕ್ವಾಡ್ರನ್ ಉತ್ತರಕ್ಕೆ, ಅಕ್ಕಾ ರಸ್ತೆಯ ಕಡೆಗೆ ಹೋಯಿತು.

ಕಲ್ಲುಬಂಡೆಯ ಏರಿನಲ್ಲಿ ಜೀನು, ಬಂದೂಕು, ಗುಂಡು, ಮೇವು ಹೊತ್ತ ಕುದುರೆ ಬೇಗ ಸೋಲುತ್ತದೆ. ಲಾಳ ಕಿತ್ತುಬಂದರೆ ಕುಂಟುತ್ತದೆ. ಸವಾರರು ಇಳಿದು ಗುಂಡು ಹಾರಿಸಬೇಕೆಂದರೆ ನಾಲ್ವರಲ್ಲಿ ಒಬ್ಬ ಉಳಿದ ಮೂವರ ಕುದುರೆಗಳ ಲಗಾಮು ಹಿಡಿದು ಹಿಂದೆ ನಿಲ್ಲಬೇಕು. ಅಲ್ಲಿಗೇ ಕಾಲು ಭಾಗ ಬಲ ಕಡಿಮೆ. ಮೆಷಿನ್ ಗನ್ ನಡೆಸುವವರು ಬೇರೆ. ಹೀಗೆ ಕರಗುತ್ತಾ ಕೊನೆಗೆ ಫಿರಂಗಿಗಳ ಮೇಲೆ ನುಗ್ಗಲು ಉಳಿದದ್ದು ಹದಿನೈದೇ ಈಟಿ. ಹದಿನೈದು ಜನ! ಅವರು ಹಿಡಿದದ್ದು ಒಂದು ಆರು ಅಂಗುಲದ ನೌಕಾ ಫಿರಂಗಿ, ಎರಡು ಬೆಟ್ಟದ ಫಿರಂಗಿ, 78 ಸೆರೆಯಾಳು. ಇದನ್ನು ಓದಿದ ಮೇಲೂ 'ಕೂಡ' ಎಂದು ಬರೆಯಲು ಕೈ ಬರುತ್ತದೆಯೇ?

ಊರಿಗೆ ನುಗ್ಗಿದ್ದು ಜೋಧ್‌ಪುರದವರಲ್ಲವೇ, ಅವರ ಮುಂದಾಳು ಮೇಜರ್ ದಲಪತ್ ಸಿಂಗ್ ಸತ್ತದ್ದು ಅಲ್ಲೇ ಅಲ್ಲವೇ ಎನ್ನುತ್ತೀರಿ. ಹೌದು. ಮಧ್ಯಾಹ್ನ ಎರಡಕ್ಕೆ ಹೊರಟು, ನದಿ ದಾಟಲಾಗದೆ, ಗುಂಡಿನ ಮಳೆಯಲ್ಲೇ ಎಡಕ್ಕೆ ಹೊರಳಿ ಬೆಟ್ಟದ ಬುಡದ ಮೆಷಿನ್ ಗನ್‌ಗಳನ್ನು ಹಿಡಿದವರು ಅವರು. ಅವರ ಹೆಸರು ಮೊದಲು ಬರಲಿ, ನನ್ನ ತಕರಾರಿಲ್ಲ. ಆದರೆ ಅವರು ಹೊರಳಿದ್ದು ಯಾವ ಬೆಟ್ಟದ ಬುಡಕ್ಕೆ? ಮೇಲೆ ಮೈಸೂರಿನವರು ಹತ್ತಿದ್ದ ಅದೇ ಕಾರ್ಮೆಲ್‌ಗೆ. ಕೆಳಗಿನ ಓಟ, ಮೇಲಿನ ಏರು ಎರಡೂ ಸೇರಿಯೇ ಒಂದು ದಾಳಿ. ಒಂದನ್ನು ಪೂರ್ತಿ ಬರೆದು ಇನ್ನೊಂದನ್ನು 'ಕೂಡ'ಕ್ಕೆ ಇಳಿಸಿದರೆ ಯುದ್ಧ ಹೇಗೆ ನಡೆಯಿತು ಎಂಬುದೇ ಓದುಗರಿಗೆ ತಿಳಿಯುವುದಿಲ್ಲ.

ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಪ್ರತಿಮೆಯಾಗಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಹೈದರಾಬಾದ್, ಜೋಧ್‌ಪುರಗಳ ಸಮಕ್ಕೆ, ಅಷ್ಟೇ ಎತ್ತರದಲ್ಲಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವೇ ಇದೆ. ದಳದ ಕುದುರೆ ಪರಂಪರೆ 1953ರಲ್ಲಿ ಕಟ್ಟಿದ, ಭಾರತೀಯ ಸೈನ್ಯದ ಕುದುರೆ ದಳವಾದ 61ನೇ ಕ್ಯಾವಲ್ರಿಗೆ ಸೇರಿತು, ಅವರು ಇಂದಿಗೂ ಹೈಫಾ ದಿನ ಆಚರಿಸುತ್ತಾರೆ. ಸೈನ್ಯ ಮರೆತಿಲ್ಲ, ಮರೆತವರು ನಾವು.

ಮತ್ತೆ ಹರಿತಾನ್? ಆ ಹೆಸರನ್ನು ಇವತ್ತಿನ ಒಂದೇ ಒಂದು ಪೋಸ್ಟಿನಲ್ಲೂ ಕಾಣಲಿಲ್ಲ. ಹೈಫಾ ಆದ ತಿಂಗಳಿಗೆ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಆಚೆಯ ಆ ಊರಿನ ಹತ್ತಿರ ಅದೇ ದಣಿದ ಕುದುರೆಗಳ ಮೇಲೆ ಮೈಸೂರಿನವರು ಮತ್ತೆ ಈಟಿ ಹಿಡಿದು ನುಗ್ಗಿದರು, ಬೆಂಬಲಕ್ಕೆ ಜೋಧ್‌ಪುರದವರು. ಎದುರಾಳಿಯ ಬಲ ಎಣಿಸಿದ್ದಕ್ಕಿಂತ ಬಹಳ ಹೆಚ್ಚಿತ್ತು, ಹಿಂದೆ ಸರಿಯಬೇಕಾಯಿತು. ಬ್ರಿಗೇಡಿನಲ್ಲಿ ಸತ್ತವರು 21, ಗಾಯಗೊಂಡವರು 56, ಸಿಗದೆ ಹೋದವರು 3. ತುರ್ಕರೊಂದಿಗಿನ ಕದನವಿರಾಮ ಜಾರಿಯಾಗಲು ಐದೇ ದಿನ ಬಾಕಿ ಇತ್ತು.