ಸತ್ಯಾಂಶ: ಮಗನ ಗ್ರೀನ್ ಕಾರ್ಡಿನಿಂದ ತಂದೆ-ತಾಯಿಗೂ ಅಮೆರಿಕ ವಾಸದ ಹಕ್ಕು ಸಿಗುತ್ತದೆಯೇ?

“ಮಕ್ಕಳಿಗೆ ಗ್ರೀನ್ ಕಾರ್ಡ್ ಸಿಕ್ಕರೆ ಹೆತ್ತವರಿಗೂ ಒಡಹುಟ್ಟಿದವರಿಗೂ ಅದು ತಾನಾಗಿಯೇ ಸಿಗುತ್ತದೆ” ಎಂಬ ಸಂದೇಶ ಹಾಸನ, ಸಕಲೇಶಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಗ್ರೀನ್ ಕಾರ್ಡ್ ಎಂದರೆ ಅಮೆರಿಕದಲ್ಲಿ ಶಾಶ್ವತವಾಗಿ ನೆಲೆಸಲು ಕೊಡುವ ಪರವಾನಗಿ. ಅದು ಇರುವವರು ತಮ್ಮ ಗಂಡ ಅಥವಾ ಹೆಂಡತಿಗೆ ಮತ್ತು ಮದುವೆಯಾಗದ ಮಕ್ಕಳಿಗೆ ಮಾತ್ರ ಅರ್ಜಿ ಸಲ್ಲಿಸಬಹುದು. ಹೆತ್ತವರನ್ನು ಶಾಶ್ವತವಾಗಿ ಕರೆಸಿಕೊಳ್ಳಬೇಕಾದರೆ ಮಗ ಅಥವಾ ಮಗಳು ಅಮೆರಿಕದ ಪೌರತ್ವವನ್ನೇ ಪಡೆದಿರಬೇಕು ಮತ್ತು 21 ವರ್ಷ ತುಂಬಿರಬೇಕು. ಆ ಪೌರತ್ವಕ್ಕಾದರೋ ಗ್ರೀನ್ ಕಾರ್ಡ್ ಬಂದ ಮೇಲೆ ಸಾಮಾನ್ಯವಾಗಿ 5 ವರ್ಷ ಕಾಯಬೇಕಾಗುತ್ತದೆ. ಅನಂತರ ಸಂಬಂಧಿಕರನ್ನು ಕರೆಸಿಕೊಳ್ಳಲು ಸಲ್ಲಿಸುವ ಐ-130 ಅರ್ಜಿಯ ಜೊತೆಗೆ, ಬರುವವರ ಜೀವನ ನಿರ್ವಹಣೆಯ ಹೊಣೆ ಹೊರುವ ಐ-864 ಪ್ರಮಾಣಪತ್ರವನ್ನೂ ಮಕ್ಕಳು ಕೊಡಬೇಕು. ಪೌರರ ತಂದೆ-ತಾಯಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲವೆಂಬುದು ಸಮಾಧಾನದ ಸಂಗತಿ.

ಒಡಹುಟ್ಟಿದವರ ಸ್ಥಿತಿ ಬೇರೆ. ಅವರಿಗೂ ಪೌರರೇ ಅರ್ಜಿ ಹಾಕಬೇಕು. ಆ ವರ್ಗಕ್ಕೆ ವರ್ಷಕ್ಕೆ ಸುಮಾರು 65,000 ವೀಸಾಗಳು ಮಾತ್ರ ಇದ್ದು, ಒಂದೇ ದೇಶಕ್ಕೆ ಶೇ. 7ರ ಮಿತಿಯೂ ಇರುವುದರಿಂದ ಭಾರತೀಯರು 15 ವರ್ಷಕ್ಕೂ ಹೆಚ್ಚು ಕಾಯುತ್ತಿದ್ದಾರೆ. ಇಂಥ ಸಂದೇಶವನ್ನು ನಂಬಿ ಕಾಫಿ ತೋಟ ಮಾರಲು ಹೊರಡುವವರನ್ನು ನೆನೆದರೆ ಸಂಕಟವಾಗುತ್ತದೆ.

ಮಗಳ ಬಾಣಂತನಕ್ಕೆಂದು ತಾಯಂದಿರು ಪಡೆಯುವ ಬಿ-2 ವೀಸಾ ಕೇವಲ ಭೇಟಿಯದು. ಒಮ್ಮೆ ಹೋದರೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು. ಅದು ತಾನಾಗಿ ಗ್ರೀನ್ ಕಾರ್ಡ್ ಆಗುವುದಿಲ್ಲ.