ನಮ್ಮ ವಂಶವೃಕ್ಷದಲ್ಲಿ ಗಂಡಸರೇ ಗಂಡಸರನ್ನು ಹೆತ್ತಿದ್ದಾರೆ

ಹುಬ್ಬಳ್ಳಿಯಲ್ಲಿ ನಮ್ಮ ಮನೆತನದ ಕುಟುಂಬ ಸಮ್ಮೇಳನ ಮುಗಿಸಿ ಈಗಷ್ಟೇ ಬಂದೆ. ಊಟ ಚೆನ್ನಾಗಿತ್ತು, ಅದರ ಬಗ್ಗೆ ಮಾತಿಲ್ಲ. ತಕರಾರು ಇರೋದು ವೇದಿಕೆ ಪಕ್ಕ ನಿಲ್ಲಿಸಿದ್ದ ಫ್ಲೆಕ್ಸ್ ಬಗ್ಗೆ.

9 ತಲೆಮಾರಿನ ವಂಶವೃಕ್ಷ. ಒಂದೊಂದು ಹಸಿರು ಎಲೆಯಲ್ಲಿ ಒಂದೊಂದು ಹೆಸರು. ಮೂಲಪುರುಷರಿಂದ ಹಿಡಿದು ಮೊನ್ನೆ ತೊಟ್ಟಿಲಿಗೆ ಹಾಕಿದ ಕೂಸಿನವರೆಗೆ ಎಲ್ಲರೂ ಇದ್ದಾರೆ. ಎಲ್ಲರೂ ಅಂದರೆ ಗಂಡಸರು. ನಮ್ಮಪ್ಪನ ಎಲೆಯ ಕೆಳಗೆ ತಮ್ಮನ ಹೆಸರಿದೆ. ನಾನು, ನಮ್ಮಕ್ಕ ಅಲ್ಲಿ ‘ಹೆ. 2’, ಅಂದರೆ ಹೆಣ್ಣು ಎರಡು. ಅಮ್ಮ ಅಷ್ಟೂ ಇಲ್ಲ.

ಕಾಕಾನ್ನ ಕೇಳಿದೆ. "ಜಾಗಾ ಸಾಲಲಿಲ್ಲವ್ವಾ, ಏನ್ ಮಾಡೋದು" ಅಂದರು. ಕೆಳಗೆ ಸೈಟು ಮಾರುವ ಪ್ರಾಯೋಜಕರ ಫೋಟೊಗೆ ಮಾತ್ರ ಎರಡು ಅಡಿ ಜಾಗ ಸಿಕ್ಕಿತ್ತು.

ಈ ವಂಶಾವಳಿ ಹುಚ್ಚು ನನಗೆ ಎಷ್ಟಿದೆ ಅಂತ ನಿಮಗೆಲ್ಲ ಗೊತ್ತೇ ಇದೆ. ರಾತ್ರಿಯೆಲ್ಲ ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ಜಾಲತಾಣ ತೆರೆದುಕೊಂಡು ಕೂರುವವಳು ನಾನು. ಅಮೆರಿಕದ ಯೂಟಾದಲ್ಲಿ 1894ರಲ್ಲಿ ಶುರುವಾದ ಸಂಸ್ಥೆ ಅದು, ಮಾರ್ಮನ್ ಚರ್ಚಿನವರದು. ದುಡ್ಡು ಕೇಳಲ್ಲ. ಹರಿದ್ವಾರದ ಪಂಡಾಗಳು, ಅಂದರೆ ತೀರ್ಥಕ್ಷೇತ್ರದ ಪುರೋಹಿತರು, ಯಾತ್ರಿಕರ ವಂಶಾವಳಿ ಬರೆದಿಡುವ ವಹಿಗಳನ್ನೂ ಫೋಟೊ ತೆಗೆದು ಇಟ್ಟಿದ್ದಾರೆ.  ಆ ಜಾಲತಾಣದಲ್ಲಿ ಯಾರ ಹೆಸರು ಹಾಕಿದರೂ ಮೇಲೆ ಎರಡು ಖಾನೆ ಬರುತ್ತವೆ: ಅಪ್ಪ, ಅಮ್ಮ. ಅಮ್ಮನ ಖಾನೆ ಖಾಲಿ ಬಿಟ್ಟರೆ ಅದು ಖಾಲಿಯಾಗಿಯೇ ನಮ್ಮನ್ನು ನೋಡುತ್ತಾ ಇರುತ್ತದೆ. ಫ್ಲೆಕ್ಸಿನಲ್ಲಿ ಆ ಕಾಟವೇ ಇಲ್ಲ ನೋಡಿ.

"ವಂಶ ಅಂದರೆ ಗೋತ್ರ, ಹೆಣ್ಣುಮಕ್ಕಳದು ಮದುವೆಯಾದ ಮೇಲೆ ಬದಲಾಗುತ್ತೆ, ಶಾಸ್ತ್ರ ಇರೋದೇ ಹಾಗೆ" ಅಂತ ಒಬ್ಬ ಹಿರಿಯರು ನನಗೆ ತಿಳಿಹೇಳಿದರು. ಸರಿ, ಶಾಸ್ತ್ರವನ್ನೇ ಹಿಡಿಯೋಣ. ಪಕ್ಷಮಾಸದಲ್ಲಿ ತರ್ಪಣ ಬಿಡುವಾಗ ಅಪ್ಪ, ಅಜ್ಜ, ಮುತ್ತಜ್ಜ ಆದ ಮೇಲೆ ಅಮ್ಮ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಹೇಳಬೇಕು. ಆಮೇಲೆ ತಾಯಿಯ ತವರಿನವರದು. ಎಳ್ಳುನೀರಿಗೆ ಬೇಕು, ಫ್ಲೆಕ್ಸಿಗೆ ಬೇಡವಾ?

ಶಾಸ್ತ್ರ ಬಿಡಿ, ಸರ್ಕಾರವೇ ವಾಸಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂತು, ದೇಶಕ್ಕೆಲ್ಲ 2005ರಲ್ಲಿ ಬಂತು. ನಾಡಕಚೇರಿಗೆ ವಂಶವೃಕ್ಷ ಬರೆದುಕೊಡುವಾಗ ಒಬ್ಬ ಮಗಳನ್ನು ಬಿಟ್ಟು ನೋಡಿ, ನಾಳೆ ಕೋರ್ಟಿನಲ್ಲಿ ನಿಲ್ಲಬೇಕಾಗುತ್ತದೆ. ಅಲ್ಲಿ ಎಲ್ಲರಿಗೂ ಎಲ್ಲ ಅತ್ತೆಯಂದಿರ ಹೆಸರೂ ನೆನಪಾಗುತ್ತವೆ! ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೇಕಲ್ಲ.

ಸಿಟ್ಟು ಇಷ್ಟು ಜಾಸ್ತಿ ಯಾಕೆ ಅಂದರೆ, ನನ್ನ ಮುತ್ತಜ್ಜಿಯ ಹುಟ್ಟುಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಕಡೆ ಮದುವೆಯಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆಯುತ್ತಾರೆ. ಆಮೇಲೆ ಅಕ್ಕಿ ಅಳಿಸಿ ಹೋಗುತ್ತದೆ, ಹಳೆಯ ಹೆಸರೂ. ಆಕೆ ಯಾವ ಊರಿನವಳು, ಅವಳಪ್ಪ ಯಾರು, ಯಾವ ವಹಿಯಲ್ಲಿ ಹುಡುಕಲಿ? ಅತ್ತು ಬಿಡೋಣ ಅನ್ನಿಸಿದ್ದೂ ಇದೆ.

ಇದೆಲ್ಲ ಸಣ್ಣ ವಿಷಯ, ಸುಮ್ನೆ ಜಗಳ ತೆಗೀಬೇಡ ಅಂತ ತಮ್ಮ ಹೇಳಿದ. ಅವನಿಗೆ ಎಲೆ ಸಿಕ್ಕಿದೆ, ಹೇಳ್ತಾನೆ. ವಂತಿಗೆ ಕೇಳೋಕೆ ಮಾತ್ರ ನನಗೂ ಅಕ್ಕನಿಗೂ ಬೇರೆ ಬೇರೆ ಫೋನ್ ಬಂದಿತ್ತು. ರಸೀದಿಯಲ್ಲಿ ನನ್ನ ಹೆಸರು ಇನಿಶಿಯಲ್ ಸಮೇತ ಇದೆ.

ಈಗ ಇದನ್ನೇ ಪುಸ್ತಕ ಮಾಡಿಸುತ್ತಾರಂತೆ. ಅದಕ್ಕೆ ಮುಂಚೆ ಈ ಪೋಸ್ಟ್ ನೋಡಿದ ನಮ್ಮ ಮನೆತನದವರು ಅಮ್ಮ, ಅಜ್ಜಿ, ಅತ್ತೆಯಂದಿರ ಹುಟ್ಟುಹೆಸರು, ತವರೂರು ಬರೆದು ನನಗೆ ಇನ್‌ಬಾಕ್ಸ್ ಮಾಡಿ. ಗದಗಿನ ಅತ್ತೆಗೆ ನಾಳೆ ಬೆಳಿಗ್ಗೆ ನಾನೇ ಫೋನ್ ಹಚ್ಚುತ್ತೇನೆ. ಕಿವಿ ಮಂದ, ಸ್ವಲ್ಪ ಕೂಗಬೇಕಾಗುತ್ತದೆ ಅಷ್ಟೇ.