ಫೋನ್ ಇದೆಯಲ್ಲ, ಮತ್ತೆ ಇದು ಎಂತಕ್ಕೆ?

ಮೊದಲು ಕೇಳಿದ್ದು ಅಮ್ಮ. ಆಮೇಲೆ ಕುಂಬಳೆ ಬಸ್ಸಿನ ಕಂಡಕ್ಟರ್. ಚಿಲ್ಲರೆಗೆ ಕಿಸೆಗೆ ಕೈ ಹಾಕಿದರೆ ಮೊದಲು ಕ್ಯಾಮೆರಾವೇ ಹೊರಬರುತ್ತಿತ್ತು, ಅದಕ್ಕೆ.

ತಮ್ಮ ಕಪಾಟಿನಲ್ಲಿ ಬಿಟ್ಟುಹೋಗಿದ್ದ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ಇದು. ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದು. ಬ್ಯಾಟರಿ ಚಾರ್ಜ್ ಮಾಡಿ ಆನ್ ಮಾಡಿದಾಗ ಎಂತದೋ ಕೇಳಿತು, ಸುಮ್ನೆ ಓಕೆ ಒತ್ತಿದೆ.

ಮೊದಲ ವಾರದ ಫೋಟೋಗಳಲ್ಲಿ ನನ್ನ ಬೆರಳೇ ಜಾಸ್ತಿ. ಗುಂಡಿ ಒತ್ತಿ ಅದು ಕ್ಲಿಕ್ ಅನ್ನುವಷ್ಟರಲ್ಲಿ ಕೊಕ್ಕರೆ ಹಾರಿ ಹೋಗಿರುತ್ತದೆ. ಗುಂಡಿಯನ್ನು ಅರ್ಧ ಒತ್ತಿ, ಬೀಪ್ ಬಂದ ಮೇಲೆ ಹಾಗೇ ಹಿಡಿದು ಕಾಯಬೇಕು ಅಂತ ತಿಳಿಯಲು ಹತ್ತು ದಿನ ಹಿಡಿಯಿತು. ಈಗ ಝೂಮ್ ಮುಟ್ಟುವುದೇ ಇಲ್ಲ. ಝೂಮ್ ಮಾಡದಿದ್ದರೆ ಲೆನ್ಸ್ ಎಫ್ 3.2ರಷ್ಟು ತೆರೆಯುತ್ತದೆ, ಪೂರ್ತಿ ಎಳೆದರೆ ಎಫ್ 6.9. ಈ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಸಣ್ಣದು. ಅಂದರೆ ಒಳಗೆ ಬರುವ ಬೆಳಕು ಕಾಲು ಪಾಲಿಗಿಂತಲೂ ಕಡಿಮೆ. ಬೆಳಕು ಹಿಡಿಯುವ ಒಳಗಿನ ಸೆನ್ಸರ್ ಬೇರೆ ಕಿರುಬೆರಳಿನ ಉಗುರಿಗಿಂತ ಸಣ್ಣದು. ಹಾಗಾಗಿ ರಾತ್ರಿ ಯಕ್ಷಗಾನದ ಆಟಕ್ಕೆ ಒಯ್ದರೆ ವೇಷ ಕಾಣುವುದಿಲ್ಲ, ಬರೀ ಕೆಂಪು ಹಳದಿ ಗೀರು. ಫ್ಲಾಶ್ ಹಾಕಿದರೆ ಭಾಗವತರ ಮುಖ ನೋಡುವ ಧೈರ್ಯ ಬೇಕು!

ಹಗಲಿನಲ್ಲಿ ಮಾತ್ರ ಇದು ನನ್ನನ್ನು ಹಾಳು ಮಾಡಿದೆ. ಫೋನ್ ತೆಗೆದರೆ ಮೊದಲು ವಾಟ್ಸಾಪ್ ಕಾಣುತ್ತದೆ, ಫೋಟೋ ಮರೆತೇ ಹೋಗುತ್ತದೆ. ಇದರಲ್ಲಿ ಬೇರೆ ಕೆಲಸವೇ ಇಲ್ಲವಲ್ಲ. ಈಗ ತೆಗೆಯುವುದು ಹೆಚ್ಚಾಗಿ ಬೋರ್ಡುಗಳನ್ನು. ಕೇರಳದ ಗಡಿ ತಲಪಾಡಿಯಿಂದ ಈಚೆ, ನಮ್ಮ ಕಾಸರಗೋಡಿನ ಕಡೆ, ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ರಸ್ತೆ ಬದಿಯ ಎಷ್ಟೋ ಅಂಗಡಿಗಳು ಹೋದವು. ಪೈಂಟಿನಲ್ಲಿ ಬರೆದ ಕನ್ನಡ ಬೋರ್ಡುಗಳೂ ಹೋದವು. ಹೊಸ ಕಟ್ಟಡಕ್ಕೆ ಫ್ಲೆಕ್ಸ್ ಬರುತ್ತದೆ, ಅದರಲ್ಲಿ ಮಲಯಾಳ, ಇಂಗ್ಲಿಷ್. ಕನ್ನಡ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದರ ಬಗ್ಗೆ ಭಾಷಣ ನಾನೂ ಬೇಕಾದಷ್ಟು ಕೇಳಿದ್ದೇನೆ. ಆದರೆ ಉಳಿದಿರುವ ಬೋರ್ಡುಗಳ ಒಂದು ಫೋಟೋ ನನ್ನ ಹತ್ತಿರ ಇರಲಿಲ್ಲ, ನಿಮ್ಮ ಹತ್ತಿರ ಇದೆಯಾ?

ಮೊನ್ನೆ ಒಂದು ಟೈಲರ್ ಅಂಗಡಿಯ ಎದುರು ನಿಂತಿದ್ದೆ. ನೀಲಿ ತಗಡು, ಬಿಳಿ ಅಕ್ಷರ, 'ಟೈ'ಯ ಬಾಲ ಕತ್ತರಿಯ ಹಾಗೆ ಬಳುಕಿದೆ. ಒಳಗಿನಿಂದ ಅಜ್ಜ ಓಡಿ ಬಂದರು.

"ಎಂತ ಮಾರಾಯ್ರೇ, ರಸ್ತೆಯ ಅಳತೆಗೆ ಬಂದದ್ದಾ?"

ಅಲ್ಲ, ಅಕ್ಷರ ಚೆಂದ ಇದೆ, ಅದಕ್ಕೆ ಅಂದೆ. ನಂಬಲಿಲ್ಲ. ಕ್ಯಾಮೆರಾ ಕೈಗೆ ಕೊಟ್ಟೆ, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕುರ್ಚಿ ಬಂತು, ಚಾ ಬಂತು, ಬೋರ್ಡ್ ಬರೆದ ಪೈಂಟರನ ಕಥೆಯೂ ಬಂತು. ಫೋಟೋ ಕಳಿಸಿ ಅಂದರು. ಕಾರ್ಡ್ ತೆಗೆದು, ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಫೋನಿಗೆ ತರುವಷ್ಟರಲ್ಲಿ ಮೂರು ದಿನ ಕಳೆಯಿತು.

ಕಳಿಸಿದ ಹತ್ತೇ ನಿಮಿಷಕ್ಕೆ ಕರೆ ಬಂತು. "ಫೋಟೋ ಲಾಯ್ಕಿದೆ. ಆದರೆ ಮೂಲೆಯಲ್ಲಿ 2008 ಅಂತ ಉಂಟಲ್ಲ? ನಾನು ಬೋರ್ಡ್ ಬರೆಸಿದ್ದೇ 2012ರಲ್ಲಿ!"